ಸಂತೆಯ ಹೊತ್ತಿಗೆ ನೇಯ್ದ ಮೂರು ಮೊಳ

ಪ್ರತಿ ತಿಂಗಳ ಎರಡನೆಯ ಭಾನುವಾರದ ಹಿಂದಿನ ರಾತ್ರಿ ನಮ್ಮ ಮನೆಯ ಜಗುಲಿಯ ದೀಪ ಒಂದು ಗಂಟೆಯಾದರೂ ಆರುವುದಿಲ್ಲ. ಬಿದಿರಿನ ಬುಟ್ಟಿಯೊಂದನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು, ಅದರ ಬಾಯಿಯ ಸುತ್ತ ಅಕ್ಕಿ ಹಿಟ್ಟಿನ ಕೊನೆಯ ಎಳೆಗಳನ್ನು ಬಿಡಿಸುತ್ತ ನಾನು ಕೂತಿರುತ್ತೇನೆ. ನೀರು ಕುಡಿಯಲು ಎದ್ದು ಬಂದ ಅಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು, ‘ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗಾಯ್ತು ನಿನ್ನ ಕೆಲಸ’ ಎಂದು ಹೇಳಿ ಮಲಗಲು ಹೋಗುತ್ತಾರೆ. ಮಾಡಬೇಕಾದದ್ದನ್ನು ಕೊನೆಯ ಗಳಿಗೆಯವರೆಗೂ ಮುಂದೂಡಿ ಆಮೇಲೆ ಗಡಿಬಿಡಿ ಮಾಡುವವರಿಗೆ ಹೇಳುವ ಗಾದೆ ಅದು. ಎರಡು ವರ್ಷಗಳಿಂದ ತಿಂಗಳಿಗೊಮ್ಮೆ ಅದನ್ನು ಕೇಳಿಸಿಕೊಂಡ ಮೇಲೆ ಅದರ ಇನ್ನೊಂದು ಮಗ್ಗುಲು ನನಗೆ ಕಾಣತೊಡಗಿದೆ. ಆ ನೇಕಾರ ಅಷ್ಟಾದರೂ ನೇಯ್ದದ್ದು ನಾಳೆ ಸಂತೆಯಿದೆ ಎಂಬುದಕ್ಕೆ. ಸಂತೆಗೆ ಗೊತ್ತಾದ ದಿನವೊಂದು ಇಲ್ಲದೇ ಹೋಗಿದ್ದರೆ ಆ ಮೂರು ಮೊಳವೂ ಮಗ್ಗದಿಂದ ಇಳಿಯುತ್ತಿರಲಿಲ್ಲ. ದಿನದ ಬೇರೆ ದುಡಿಮೆ ಮುಗಿಸಿ ಉಳಿದ ಹೊತ್ತಿನಲ್ಲಿ ಕೈಕೆಲಸ ಮಾಡುವ ನಮ್ಮಂಥವರಿಗೆ ಊರು ಮಾಡಬಹುದಾದ ದೊಡ್ಡ ಉಪಕಾರ ಯಾವುದು ಎಂದು ಯಾರಾದರೂ ಕೇಳಿದರೆ, ತಪ್ಪದೆ ನಡೆಯುವ ಒಂದು ಚಿಕ್ಕ ಸಂತೆ ಎಂದೇ ನಾನು ಹೇಳುತ್ತೇನೆ. ಈ ಬರಹವೂ ಅದರ ಬಗ್ಗೆಯೇ.

ನಾನು ಸಾಗರದ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಅಲ್ಲಿ. ಆಮೇಲೆ ಅಡುಗೆ, ಮಗಳ ಓದು, ಮನೆಯ ಹತ್ತಾರು ಕೆಲಸ. ಅದೆಲ್ಲ ಮುಗಿದು ಎಷ್ಟು ಉಳಿದರೆ ಅಷ್ಟು ಹೊತ್ತು ಹಸೆ ಚಿತ್ತಾರ. ನಮ್ಮದು ಚಿತ್ತಾರ ಬರೆಯುವುದನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ದೀವರ ಸಮುದಾಯದ ಮನೆತನವಾದ್ದರಿಂದ ಚಿತ್ತಾರವನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಅಜ್ಜಿಯ ಪಕ್ಕ ಕೂತು ಕಲಿತೆ. ಮದುವೆಯ ಮನೆಯಲ್ಲಿ ಹೆಣ್ಣು ಗಂಡು ಹಸೆಯ ಮೇಲೆ ಕೂರುವಾಗ ಅವರ ಹಿಂದಿರುವ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿಯ ಎಳೆಗಳಿಂದ ಬರೆಯುವುದು ಹಸೆಗೋಡೆ. ಬಿಳಿ ಬಣ್ಣಕ್ಕೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಕೆಂಪಿಗೆ ಮಣ್ಣು, ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಜಜ್ಜಿ, ನೀರಿನಲ್ಲಿ ನೆನೆಸಿ, ಬೆರಳ ನಡುವೆ ತೀಡಿ ತೀಡಿ ಒಂದೊಂದು ಎಳೆ ಬಿಡಿಸಿಕೊಂಡರೆ ಮಾತ್ರ ಅದು ಹಿಟ್ಟನ್ನು ಹದವಾಗಿ ಹಿಡಿದುಕೊಳ್ಳುತ್ತದೆ. ಹಿಟ್ಟು ಒಂದಿಷ್ಟು ನೀರಾದರೂ ಎಳೆ ಗೋಡೆಯ ಮೇಲೆ ಹರಡುತ್ತದೆ, ಗಟ್ಟಿಯಾದರೆ ನಡುವೆ ತುಂಡಾಗುತ್ತದೆ. ಅಜ್ಜಿ ಬಟ್ಟಲಿಗೆ ತೋರುಬೆರಳನ್ನು ಅದ್ದಿ ಮೇಲೆತ್ತಿ, ಉಗುರಿನ ತುದಿಯಲ್ಲಿ ಹನಿ ಬೀಳದೆ ತೂಗಾಡಿದರೆ ‘ಈಗ ಬರಿ’ ಎನ್ನುತ್ತಿದ್ದರು. ಆ ಹನಿಯ ಅಳತೆ ಈಗಲೂ ನನ್ನ ಬೆರಳಲ್ಲಿದೆ. ಕುಂಚ ಇಟ್ಟ ಮೇಲೆ ಎಳೆಯನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು, ನಡುವೆ ನಿಂತು ಮುಂದುವರಿಸಿದರೆ ಆ ಗಂಟು ಹತ್ತು ಅಡಿ ದೂರದಿಂದಲೂ ಕಾಣುತ್ತದೆ.

ಅಜ್ಜಿ ಚಿತ್ತಾರದಿಂದ ಬದುಕಿದವರಲ್ಲ. ಅವರು ಗದ್ದೆಯಲ್ಲಿ ದುಡಿದವರು. ನಾಟಿ, ಕಳೆ, ಕೊಯ್ಲು, ಒಕ್ಕಣೆ ಎಲ್ಲ ಮುಗಿದು ಮದುವೆಯ ಕಾಲ ಬಂದಾಗ ನಾಲ್ಕು ಊರಿನಿಂದ ಕರೆ ಬರುತ್ತಿತ್ತು. ಹೋಗಿ ಗೋಡೆ ಬರೆದು, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ ಪಡೆದು ಬರುತ್ತಿದ್ದರು. ನಮ್ಮ ಮಲೆನಾಡಿನ ಕುಂಬಾರರೂ ಅಷ್ಟೇ, ಮಳೆಗಾಲದಲ್ಲಿ ಮಡಕೆ ಒಣಗುವುದಿಲ್ಲವೆಂದು ತಿಗರಿ ಬಿಟ್ಟು ಗದ್ದೆಗೆ ಇಳಿಯುತ್ತಿದ್ದರು. ಕೈಕಸುಬೊಂದನ್ನೇ ವರ್ಷವಿಡೀ ಮಾಡಿ ಬದುಕಿದವರು ಇದ್ದರು, ಈಗಲೂ ಇದ್ದಾರೆ. ಆದರೆ ಬೇಸಾಯದ ನಡುವೆ, ಕೂಲಿಯ ನಡುವೆ, ಮಕ್ಕಳನ್ನು ಸಾಕುವ ನಡುವೆ ಬಿಡುವು ಮಾಡಿಕೊಂಡು ಕಲೆಯನ್ನು ಉಳಿಸಿದ ಕೈಗಳೂ ಅಷ್ಟೇ ಇದ್ದವು. ಹೀಗಿರುವಾಗ ಅರೆಕಾಲಿಕ ಎಂಬ ಮಾತನ್ನು ನಾವು ಈಚೆಗೆ ಹುಟ್ಟಿದ ಕೊರತೆಯಂತೆ ಏಕೆ ಕಾಣುತ್ತೇವೋ ನನಗೆ ತಿಳಿಯದು.

ಅರೆಕಾಲಿಕ ಎನ್ನುವುದಕ್ಕಿಂತ ಹೆಚ್ಚು ನೋಯಿಸುವ ಇನ್ನೊಂದು ಮಾತಿದೆ, ಹವ್ಯಾಸ. ‘ಹೇಗಿದ್ದರೂ ಸಂಬಳ ಬರುತ್ತದಲ್ಲ, ಇದು ನಿಮ್ಮ ಹವ್ಯಾಸ ತಾನೆ, ಸ್ವಲ್ಪ ಕಡಿಮೆ ಮಾಡಿ’ ಎಂದು ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ. ಹೇಳುವವರಿಗೆ ಅದು ಮೆಚ್ಚುಗೆಯೆಂದೇ ಅನ್ನಿಸಿರುತ್ತದೆ. ಆದರೆ ಬುಟ್ಟಿಯ ಮೇಲಿನ ಎಳೆಗೆ ಬರೆದವಳ ಸಂಬಳದ ಚೀಟಿ ಗೊತ್ತಿಲ್ಲ. ಸರ್ಕಾರದ ಪಟ್ಟಿಗಳಲ್ಲೂ ನಮಗೆ ಸರಿಯಾದ ಜಾಗವಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಬುಟ್ಟಿ ಹೆಣೆಯುವವರು, ಗೊಂಬೆ ಮಾಡುವವರು, ದರ್ಜಿ ಹೀಗೆ 18 ಕಸುಬುಗಳಿವೆ; ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವೂ ಸಿಗುತ್ತದೆ. ಅದು ಒಳ್ಳೆಯ ಕೆಲಸವೇ. ನನಗೆ ಬುಟ್ಟಿ ಹೆಣೆದು ಕೊಡುವ ಮೇದಾರರ ಮನೆಯವರು ಆ ಪಟ್ಟಿಯೊಳಗೆ ಬರುತ್ತಾರೆ ಎಂಬುದು ನನಗೆ ಸಂತೋಷದ ವಿಷಯ. ಅದೇ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ಕಸುಬು ಮಾತ್ರ ಆ ಹದಿನೆಂಟರಲ್ಲಿ ಇಲ್ಲ, ಕಸೂತಿಯೂ ಇಲ್ಲ. ಪಟ್ಟಿ ಬೆಳೆಯಲಿ ಎಂದು ಕೇಳಬೇಕು, ಕೇಳುತ್ತಲೇ ಇರಬೇಕು; ಅದು ಬೆಳೆಯುವವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ.

ಒಂದು ಬುಟ್ಟಿಯ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತೇನೆ, ಲೆಕ್ಕ ಬರೆಯುವವಳಾಗಿ ಅಷ್ಟಾದರೂ ನನ್ನಿಂದ ಆಗಬೇಕು. ಮಧ್ಯಮ ಗಾತ್ರದ ಬಿದಿರಿನ ಬುಟ್ಟಿಗೆ ನಾನು ಕೊಡುವುದು 160 ರೂಪಾಯಿ. ಮಣ್ಣು, ಬಣ್ಣ, ಅಂಟು ಎಲ್ಲ ಸೇರಿ 40. ಸಂತೆಯ ಮೇಜಿನ ಬಾಡಿಗೆಯಲ್ಲಿ ಈ ಬುಟ್ಟಿಯ ಪಾಲು 20, ಕಟ್ಟಿಕೊಡುವ ಚೀಲ 10. ಒಟ್ಟು 230. ಸೆಗಣಿ ಸಾರಿಸಿ ಒಣಗಿಸಿ, ಕೆಮ್ಮಣ್ಣು ಬಳಿದು ಮತ್ತೆ ಒಣಗಿಸಿ, ನಾಲ್ಕು ಸಂಜೆ ಕೂತು ಬರೆದರೆ ಕೈ ಹಿಡಿದು ಮಾಡಿದ ಕೆಲಸವೇ ಒಂಬತ್ತು ಗಂಟೆ. ಅದನ್ನು 650 ರೂಪಾಯಿಗೆ ಮಾರಿದರೆ ನನಗೆ ಉಳಿಯುವುದು 420, ಅಂದರೆ ಗಂಟೆಗೆ 47 ರೂಪಾಯಿಗೂ ಒಂದಿಷ್ಟು ಕಡಿಮೆ. ಯಾರಾದರೂ ಚೌಕಾಸಿ ಮಾಡಿ 450ಕ್ಕೆ ಒಯ್ದರೆ ಗಂಟೆಗೆ 24 ರೂಪಾಯಿ. ಇನ್ನೂರು ರೂಪಾಯಿ ಉಳಿಸಿದೆನೆಂದು ಅವರು ಮನೆಗೆ ಹೋಗುತ್ತಾರೆ. ಆ ಇನ್ನೂರು ಬಂದದ್ದು ಬಿದಿರಿನಿಂದಲೂ ಅಲ್ಲ, ಬಣ್ಣದಿಂದಲೂ ಅಲ್ಲ, ನಾಲ್ಕು ಸಂಜೆಗಳಿಂದ.

ಸಂತೆಗೆ ಮೊದಲು ನಾನು ಬೇರೆ ದಾರಿಗಳನ್ನೂ ನೋಡಿದ್ದೆ. ದೊಡ್ಡ ಊರಿನ ಅಂಗಡಿಯೊಂದು ಮಾರಾಟವಾದ ಮೇಲೆ ಹಣ ಕೊಡುವ ಕರಾರಿನ ಮೇಲೆ ಹನ್ನೆರಡು ಬುಟ್ಟಿ ತರಿಸಿಕೊಂಡಿತು. ಅವರ ಪಾಲು ನೂರಕ್ಕೆ ನಲವತ್ತು. ಬುಟ್ಟಿ, ಬಣ್ಣ, ಸಾಗಣೆ ಕಳೆದರೆ ನನ್ನ ಗಂಟೆಗೆ ಹದಿನಾಲ್ಕು ರೂಪಾಯಿ ಬಿದ್ದಿತು. ಎಂಟು ತಿಂಗಳ ಮೇಲೆ ಐದು ಬುಟ್ಟಿಗಳು ಬೂಷ್ಟು ಹಿಡಿದು ವಾಪಸು ಬಂದವು. ಯಾರು ಕೊಂಡರು, ಏಕೆ ಕೊಂಡರು, ಬೇಡವೆಂದವರು ಏನೆಂದರು ಎಂಬ ಒಂದು ಮಾತೂ ಅವುಗಳ ಜೊತೆ ಬರಲಿಲ್ಲ. ಹಣಕ್ಕಿಂತ ನನ್ನನ್ನು ಹೆಚ್ಚು ಬಡವಾಗಿಸಿದ್ದು ಆ ಮೌನವೇ. ಇನ್ನೊಮ್ಮೆ ನಗರದ ಮೇಳವೊಂದರಲ್ಲಿ ಎರಡು ದಿನದ ಮಳಿಗೆಗೆ 4,500 ರೂಪಾಯಿ ಕಟ್ಟಿದೆ. ಬಸ್ಸು, ವಸತಿ ಸೇರಿ ಇನ್ನೊಂದು 1,800. ಮಾರಾಟವಾದದ್ದು 5,200. ಮೇಳ ಚೆನ್ನಾಗಿಯೇ ಇತ್ತು, ಬೆಳಕು, ಸಂಗೀತ, ಜನ ಎಲ್ಲವೂ ಇದ್ದವು. ಆದರೆ ಅಷ್ಟು ಹಣವನ್ನು ಮೊದಲೇ ಪಣಕ್ಕಿಡುವ ಶಕ್ತಿ ಉಳಿದ ಹೊತ್ತಿನ ಕೆಲಸಗಾರರಿಗೆ ಇರುವುದಿಲ್ಲ, ಒಮ್ಮೆ ಕೈ ಸುಟ್ಟುಕೊಂಡವರು ಎರಡನೆಯ ಸಲ ಹೋಗುವುದೂ ಇಲ್ಲ.

ಬೆಂಗಳೂರಿನ ಚಿತ್ರಸಂತೆಯ ಮಾತು ಬೇರೆ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಆ ಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಒಂದು ದಿನ ವಾಹನಗಳನ್ನೇ ನಿಲ್ಲಿಸುತ್ತಾರೆ. 2025ರ ಜನವರಿ 5ರಂದು ನಡೆದದ್ದು 22ನೆಯದು. ಆ ವರ್ಷ ಗೆಳತಿಯೊಬ್ಬಳ ಜೊತೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆದಾಡಿದೆ. ಕಲಾಶಾಲೆಯಲ್ಲಿ ಓದಿದವರ ಪಕ್ಕದಲ್ಲೇ, ವಾರವಿಡೀ ಬೇರೆ ಕೆಲಸ ಮಾಡಿ ಭಾನುವಾರ ಚಿತ್ರ ಬರೆಯುವವರೂ ಗೋಡೆಗೆ, ಬೇಲಿಗೆ, ಕಾಲುದಾರಿಗೆ ತಮ್ಮ ಚಿತ್ರಗಳನ್ನು ಒರಗಿಸಿ ನಿಂತಿದ್ದರು. ಗ್ಯಾಲರಿಯ ಬಾಗಿಲು ದಾಟಲು ಅಳುಕುವ ಜನ ಅಲ್ಲಿ ರಸ್ತೆಯ ಮೇಲೆ ನಿಂತು ಚಿತ್ರದ ಬೆಲೆ ಕೇಳುತ್ತಿದ್ದರು. ತಂದೆಯೊಬ್ಬರು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಜಲವರ್ಣದ ಚಿತ್ರವೊಂದನ್ನು ಎದೆಗೆ ಅವಚಿಕೊಂಡು ಆ ಜನಸಂದಣಿಯಲ್ಲಿ ಹೋಗುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚಿತ್ರವನ್ನು ತರಕಾರಿಯ ಹಾಗೆ ಬೀದಿಗೆ ತಂದ ಆ ಯೋಚನೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಅದು ವರ್ಷಕ್ಕೊಮ್ಮೆಯ ಜಾತ್ರೆ. ಜಾತ್ರೆಯಿಂದ ಊರಿಗೆ ಕಳೆ ಬರುತ್ತದೆ, ಆದರೆ ಊರಿನ ಒಲೆ ಉರಿಯುವುದು ಸಂತೆಯಿಂದ. ನಮ್ಮ ಸಾಗರದಲ್ಲೂ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಹಾಗೆಂದು ಮೂರು ವರ್ಷಕ್ಕಾಗುವಷ್ಟು ಸೊಪ್ಪನ್ನು ಯಾರೂ ಅಲ್ಲಿ ಕೊಳ್ಳುವುದಿಲ್ಲ.

ನಮ್ಮ ಚಿಕ್ಕ ಸಂತೆ ಶುರುವಾದದ್ದು ಆರು ಮೇಜುಗಳಿಂದ. ಸಮುದಾಯ ಭವನವೊಂದರ ಆಡಳಿತದವರು ತಿಂಗಳಲ್ಲಿ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ತಮ್ಮ ಹೊರಾಂಗಣವನ್ನು ಬಾಡಿಗೆ ಕೇಳದೆ ಕೊಟ್ಟರು. ಕಸ ಗುಡಿಸಿ ಹೋಗಬೇಕು ಎಂಬುದೊಂದೇ ಅವರ ಷರತ್ತು. ಮೇಜಿಗೆ 100 ರೂಪಾಯಿ ಎಂದು ನಾವೇ ಗೊತ್ತು ಮಾಡಿಕೊಂಡೆವು. ಆ ಹಣ ಮೇಜು ಕುರ್ಚಿಯ ಬಾಡಿಗೆಗೆ, ಗುಡಿಸುವವರ ಕೂಲಿಗೆ, ಬಸ್ ನಿಲ್ದಾಣದ ಬಳಿ ಕಟ್ಟುವ ಒಂದು ಬಟ್ಟೆಯ ಫಲಕಕ್ಕೆ ಸಾಲುತ್ತದೆ. ಈಗ ಇಪ್ಪತ್ತೆರಡು ಮೇಜುಗಳಿವೆ. ಹೆಸರು ಹೇಳುವುದು ಬೇಡ, ಕೆಲಸ ಮಾತ್ರ ಹೇಳುತ್ತೇನೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಯೊಬ್ಬರು ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಪಿಂಗಾಣಿ ಭರಣಿಯಲ್ಲೇ ತಂದು ಅಳೆದು ಕೊಡುತ್ತಾರೆ. ಯಾವ ಮರದ ಮಿಡಿ, ಯಾವ ಊರಿನ ಹೊಳೆಯಂಚಿನದು ಎಂದು ಕೇಳಿದರೆ ಅವರ ಮುಖವೇ ಅರಳುತ್ತದೆ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರೊಬ್ಬರು ಹಲಸಿನ ಮರದ ಚೂರುಗಳಿಂದ ಎತ್ತಿನ ಗಾಡಿ, ಬುಗುರಿ, ಚನ್ನೆಮಣೆ ಮಾಡುತ್ತಾರೆ. ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಮನೆಯ ಹುಡುಗನೊಬ್ಬ ಹಗಲು ಮೊಬೈಲ್ ಅಂಗಡಿಯಲ್ಲಿದ್ದು, ಸಂಜೆ ಬೆಂಡಿನ ಬಾಸಿಂಗ, ಹೂವಿನ ಸರ ಕೆತ್ತುತ್ತಾನೆ. ಅಡಿಕೆ ಹಾಳೆಯ ಟೋಪಿ ಹೊಲಿಯುವವರಿದ್ದಾರೆ, ಭತ್ತದ ತೆನೆಯ ತೋರಣ ಹೆಣೆಯುವವರಿದ್ದಾರೆ. ಬಿಜಾಪುರದ ಕಡೆಯಿಂದ ಮದುವೆಯಾಗಿ ಬಂದು ಅಂಗನವಾಡಿಯಲ್ಲಿ ದುಡಿಯುವ ಅಕ್ಕ ಕೌದಿ ಹೊಲಿಯುತ್ತಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂತೆಗೆ ನಾವು ಇಟ್ಟುಕೊಂಡ ಕಟ್ಟಳೆ ಒಂದೇ, ಮಾಡಿದವರೇ ಮೇಜಿನ ಹಿಂದೆ ಕೂರಬೇಕು. ಇದು ಹೇಳಿದಷ್ಟು ಸುಲಭವಾಗಲಿಲ್ಲ. ಎರಡನೆಯ ವರ್ಷ ಒಬ್ಬರು ಸಗಟಿನಲ್ಲಿ ತಂದ ಬಳೆ, ಪ್ಲಾಸ್ಟಿಕ್ ತೋರಣ, ಅಚ್ಚು ಹಾಕಿದ ದೇವರ ಪಟಗಳನ್ನು ಇಡಲು ಜಾಗ ಕೇಳಿದರು. ಅವರೂ ಕಷ್ಟದಲ್ಲಿದ್ದವರು, ಮೂವರು ಮಕ್ಕಳ ಮನೆ. ನಮ್ಮಲ್ಲಿ ಎರಡು ಸಭೆ ನಡೆದವು, ಮಾತಿಗೆ ಮಾತು ಬೆಳೆಯಿತು. ಕೊಡೋಣ ಎಂದವರ ಮಾತಿನಲ್ಲಿ ಕರುಣೆಯಿತ್ತು, ಬೇಡ ಎಂದವರ ಮಾತಿನಲ್ಲಿ ಅನುಭವವಿತ್ತು. ಇಪ್ಪತ್ತು ರೂಪಾಯಿಯ ಅಚ್ಚಿನ ತೋರಣ ಪಕ್ಕದಲ್ಲಿದ್ದರೆ, ಮುನ್ನೂರು ರೂಪಾಯಿಯ ತೆನೆಯ ತೋರಣದವರು ದಿನವಿಡೀ ತಮ್ಮ ಬೆಲೆಗೆ ಸಮಜಾಯಿಷಿ ಕೊಡುತ್ತಲೇ ಕೂರಬೇಕಾಗುತ್ತದೆ. ಮೂರು ತಿಂಗಳಲ್ಲಿ ಅವರು ಬರುವುದನ್ನು ನಿಲ್ಲಿಸುತ್ತಾರೆ, ಆರು ತಿಂಗಳಲ್ಲಿ ಅದು ಎಲ್ಲ ಕಡೆ ಇರುವಂಥದೇ ಇನ್ನೊಂದು ಬೀದಿ ಅಂಗಡಿಯ ಸಾಲಾಗುತ್ತದೆ. ನಾನು ಬೇಡ ಎಂದವರ ಕಡೆ ಕೈ ಎತ್ತಿದೆ. ಅದು ಸರಿ ಎಂದೇ ಈಗಲೂ ನಂಬಿದ್ದೇನೆ. ಆದರೆ ಜಾಗ ಕೇಳಿ ಬಂದವರು ಮಾತಾಡದೆ ಎದ್ದು ಹೋದದ್ದು ನನ್ನಿಂದ ಮರೆಯಲಾಗಿಲ್ಲ. ಆಮೇಲೆ ಅವರ ಹೆಂಡತಿ ಹಲಸಿನ ಹಪ್ಪಳ ಮಾಡುತ್ತಾರೆಂದು ತಿಳಿದು ನಾವೇ ಹೋಗಿ ಕರೆದೆವು. ಈಗ ಹದಿನಾಲ್ಕನೆಯ ಮೇಜು ಅವರದು.

ಇಂಥ ಸಂತೆ ಕಟ್ಟಬೇಕೆಂದು ಬೇರೆ ಊರಿನವರು ಕೇಳಿದಾಗ ನಾನು ಮೊದಲು ಹೇಳುವುದು ದಿನವನ್ನು ಬದಲಿಸಬೇಡಿ ಎಂದು. ಜುಲೈ ಆಗಸ್ಟಿನಲ್ಲಿ ಸಾಗರದ ಮಳೆ ಹೇಗಿರುತ್ತದೆಂದು ಬಲ್ಲವರು ಬಲ್ಲರು. ಮೊದಲ ವರ್ಷದ ಜುಲೈಯಲ್ಲಿ ಬಂದದ್ದು ಐದು ಮೇಜು, ಕೊಳ್ಳಲು ಬಂದವರು ಹನ್ನೊಂದು ಜನ. ಮಳೆಗಾಲ ಮುಗಿಯುವವರೆಗೆ ನಿಲ್ಲಿಸೋಣ ಎಂಬ ಮಾತು ಬಂತು. ಮರದ ಗೊಂಬೆಯ ಹಿರಿಯರು ಒಪ್ಪಲಿಲ್ಲ. ‘ವಾರದ ಸಂತೆ ಮಳೆ ಬಂತೆಂದು ನಿಂತದ್ದುಂಟೇ? ಒಂದು ಸಲ ಬಂದು ಬಾಗಿಲು ಹಾಕಿದ್ದು ನೋಡಿದವರು ಇನ್ನೊಂದು ಸಲ ಬರುವುದಿಲ್ಲ’ ಎಂದರು. ನಿಲ್ಲಿಸಲಿಲ್ಲ. ಆ ಹನ್ನೊಂದು ಜನರಲ್ಲಿ ಎಂಟು ಮಂದಿ ಇವತ್ತಿಗೂ ತಪ್ಪದೆ ಬರುತ್ತಾರೆ. ದಿನ ಗಟ್ಟಿಯಾದ ಮೇಲೆ ಮಾಡುವವರ ಮನೆಯೊಳಗೂ ಏನೋ ಬದಲಾಗುತ್ತದೆ. ಎರಡನೆಯ ಭಾನುವಾರ ಸಂತೆ ಎಂದು ಗೊತ್ತಿರುವುದರಿಂದ ಮೊದಲ ವಾರ ಬಿದಿರು ಬರಬೇಕು, ಮೂರು ದಿನ ಮೊದಲಾದರೂ ಮಣ್ಣು ಒಣಗಬೇಕು. ಗಂಡನಿಗೆ, ಮಗಳಿಗೆ ಆ ವಾರದ ಅಡುಗೆಯ ಪಾಲು ಗೊತ್ತಾಗಿರುತ್ತದೆ. ‘ಬಿಡುವಾದಾಗ ಮಾಡುತ್ತೇನೆ’ ಎಂದಿದ್ದ ಕೆಲಸ ಬಿಡುವಿಗೆ ಕಾಯುವುದನ್ನು ಬಿಡುತ್ತದೆ. ಅಜ್ಜಿಗೆ ಮದುವೆಯ ಲಗ್ನ ಗೊತ್ತಾದಂತೆ ನನಗೆ ಈ ಭಾನುವಾರ.

ಕೊಳ್ಳುವವರಿಂದ ನಾನು ಕಲಿತದ್ದೂ ಬಹಳ. ಬುಟ್ಟಿಯ ಹೊರಗೆಲ್ಲ ಚಿತ್ತಾರ ಬರೆದು ಒಳಗೆ ಹಾಗೆಯೇ ಬಿಡುತ್ತಿದ್ದೆ. ಹಣ್ಣು ಇಡಲು ಕೊಂಡ ಒಬ್ಬರು ಮುಂದಿನ ತಿಂಗಳು ಬಂದು, ಒಳಗಿನ ಸೀಳು ಕೈಗೆ ಚುಚ್ಚುತ್ತದೆ ಎಂದು ತಮ್ಮ ಬೆರಳನ್ನೇ ತೋರಿಸಿದರು. ಅಂದಿನಿಂದ ಒಳಗನ್ನು ಉಜ್ಜಿ ನುಣುಪು ಮಾಡಿಯೇ ತರುತ್ತೇನೆ. ಎಂಟು ತಿಂಗಳು ಅಂಗಡಿಯಲ್ಲಿ ಕೂತ ಬುಟ್ಟಿಗಳು ನನಗೆ ಹೇಳದ ಮಾತನ್ನು ಅವರು ಒಂದು ನಿಮಿಷದಲ್ಲಿ ಹೇಳಿದ್ದರು. ಬೆಲೆ ಹೆಚ್ಚೆನಿಸಿದರೆ ಚಿಕ್ಕದನ್ನು ಕೊಳ್ಳಿ, ಇಲ್ಲವೇ ಮುಂದಿನ ತಿಂಗಳು ಬನ್ನಿ. ಆದರೆ ಹೇಳಿದ ಬೆಲೆಯನ್ನು ಇಳಿಸಬೇಡಿ ಎಂದು ನಾನು ಕೈ ಜೋಡಿಸಿ ಕೇಳುತ್ತೇನೆ. ಆರ್ಡರ್ ಕೊಡುವವರು ಅರ್ಧ ಹಣ ಮೊದಲೇ ಕೊಟ್ಟರೆ ನಾವು ಸಾಲ ಮಾಡದೆ ಬಿದಿರು, ಬಟ್ಟೆ, ನೂಲು ತರಬಹುದು. ಗೃಹಪ್ರವೇಶಕ್ಕೆ, ಸೀಮಂತಕ್ಕೆ, ಮದುವೆಯ ತಾಂಬೂಲಕ್ಕೆ ಐವತ್ತು ನೂರು ಉಡುಗೊರೆಗಳನ್ನು ಕೊಳ್ಳುವ ಮನೆಗಳು ಅದರಲ್ಲಿ ಇಪ್ಪತ್ತನ್ನಾದರೂ ಎರಡು ತಿಂಗಳು ಮೊದಲೇ ಊರಿನ ಕೈಗಳಿಗೆ ಹೇಳಿದರೆ, ಒಂದು ಮೇಜಿನ ಅರ್ಧ ವರ್ಷದ ಚಿಂತೆ ಕಳೆಯುತ್ತದೆ. ಇನ್ನೊಂದು ವಿಷಯವಿದೆ, ಫೋಟೋ. ಮೆಚ್ಚಿ ತೆಗೆದವರ ಮೇಲೆ ನನಗೆ ಬೇಸರವಿಲ್ಲ. ಆದರೆ ಎರಡು ಗಂಟೆ ಮಾತಾಡಿ, ಒಂದೊಂದು ಎಳೆಯ ಹತ್ತಿರಕ್ಕೂ ಮೊಬೈಲ್ ಹಿಡಿದು, ಏನನ್ನೂ ಕೊಳ್ಳದೆ ಹೋದವರ ಚಿತ್ರಗಳು ಆಮೇಲೆ ಕಾಫಿ ಲೋಟದ ಮೇಲೆ, ಚೀಲದ ಮೇಲೆ ಯಂತ್ರದಿಂದ ಅಚ್ಚಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ನನ್ನ ಕೈ ನಡುಗಿ ಒಂದು ಕಡೆ ಎಳೆ ಸೊಟ್ಟಗಾಗಿತ್ತು, ಆ ಸೊಟ್ಟವೂ ಹಾಗೆಯೇ ಅಚ್ಚಾಗಿತ್ತು.

ಹೊಸದಾಗಿ ಮೇಜು ಕೇಳಲು ಬರುವವರಲ್ಲಿ ಅನೇಕರಿಗೆ ತೆರಿಗೆಯ ಭಯ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ರಂಗಕರ್ಮಿ ಪ್ರಸನ್ನ ಅವರು ಸತ್ಯಾಗ್ರಹ ಹೂಡಿದ್ದರು. ನಮ್ಮ ತಾಲ್ಲೂಕಿನ ಹೆಗ್ಗೋಡಿನ ಬಳಿಯೇ ಚರಕ ಎಂಬ ಮಹಿಳಾ ಸಹಕಾರಿ ಸಂಘದ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವುದರಿಂದ ಆ ದಿನಗಳ ಚರ್ಚೆ ನಮ್ಮ ಕಿವಿಯಲ್ಲಿ ಇನ್ನೂ ಇದೆ. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ನಮ್ಮ ಇಪ್ಪತ್ತೆರಡು ಮೇಜುಗಳನ್ನು ಒಟ್ಟುಗೂಡಿಸಿದರೂ ಆ ಮೊತ್ತದ ಹತ್ತಿರಕ್ಕೆ ಹೋಗುವುದಿಲ್ಲ. ತಿನ್ನುವ ಪದಾರ್ಥ ಮಾರುವವರು ಮಾತ್ರ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಆ ಸಂಖ್ಯೆಯನ್ನು ಚೀಟಿಯ ಮೇಲೆ ಬರೆಯಲೇಬೇಕು. ಉಪ್ಪಿನಕಾಯಿಯ ದಾದಿ ಅದನ್ನು ಮಾಡಿಸಿಕೊಂಡ ದಿನ ಭರಣಿಗೆ ಕುಂಕುಮವಿಟ್ಟಿದ್ದರು.

ನನ್ನ ಮೇಜಿಗೆ ವರ್ಷದಲ್ಲಿ ಅತಿ ಹೆಚ್ಚು ಜನ ಬರುವುದು ಭೂಮಿ ಹುಣ್ಣಿಮೆಯ ಮುಂಚೆ. ಆಶ್ವಯುಜದ ಹುಣ್ಣಿಮೆಯ ನಸುಕಿನಲ್ಲಿ, ತೆನೆ ತುಂಬುತ್ತಿರುವ ಗದ್ದೆಯನ್ನು ಬಸುರಿಯಂತೆ ಕಂಡು ಪೂಜಿಸಿ, ಚರಗ ಎಂಬ ಎಡೆಯನ್ನು ಗದ್ದೆಗೆ ಬೀರುವ ಹಬ್ಬ ಅದು. ಆ ಚರಗವನ್ನೂ ಪೂಜೆಯ ಸಾಮಾನನ್ನೂ ಹೊತ್ತು ಹೋಗುವುದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗಳಲ್ಲಿ, ದೊಡ್ಡದೊಂದು, ಚಿಕ್ಕದೊಂದು. ಮನೆಯ ಹೆಂಗಸರೇ ಅದನ್ನು ಬರೆದುಕೊಳ್ಳುವುದು ಪದ್ಧತಿ. ಕೆಲಸಕ್ಕೆಂದು ಪೇಟೆಗೆ ಬಂದು ಕೈ ಮರೆತವರು ಈಗ ಸಂತೆಗೆ ಬರುತ್ತಾರೆ. ಮೊದಮೊದಲು ಅವರಿಗೆ ಬರೆದ ಬುಟ್ಟಿಯನ್ನೇ ಕೊಡುತ್ತಿದ್ದೆ. ಕಳೆದ ವರ್ಷದಿಂದ ಮೇಜಿನ ಮೇಲೆ ಕೆಮ್ಮಣ್ಣು ಬಳಿದ ಖಾಲಿ ಬುಟ್ಟಿಗಳನ್ನೂ, ಒಂದು ಬಟ್ಟಲು ಹಿಟ್ಟನ್ನೂ, ನಾಲ್ಕು ನಾರಿನ ಕುಂಚಗಳನ್ನೂ ಇಟ್ಟಿದ್ದೇನೆ. ನಲವತ್ತು ದಾಟಿದ ಹೆಂಗಸೊಬ್ಬರು ಅಲ್ಲೇ ನಿಂತು, ಬೆರಳು ಅದ್ದಿ ಹನಿಯನ್ನು ತೂಗಿ ನೋಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು. ಆ ದಿನ ಖಾಲಿ ಬುಟ್ಟಿ ಮಾರಿದ್ದರಿಂದ ನನಗೆ ಸಿಕ್ಕಿದ್ದು ಬರೆದ ಬುಟ್ಟಿಗಿಂತ ಕಡಿಮೆ ಹಣ. ಆದರೂ ಆ ಏರ್ಪಾಡನ್ನು ನಾನು ಕೈ ಬಿಡುವುದಿಲ್ಲ.

ಈಗ ಕೌದಿಯ ಅಕ್ಕನ ವಿಷಯ. ಹಳೆಯ ಸೀರೆ, ಪಂಚೆ, ಲಂಗಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಕೈಹೊಲಿಗೆ ಹಾಕುತ್ತ ಬರುವ ಕೌದಿಗೆ ಒಂದೂವರೆ ತಿಂಗಳಾದರೂ ಬೇಕು. ಮೊದಲ ನಾಲ್ಕು ಸಂತೆಯಲ್ಲಿ ಅವರದು ಒಂದೂ ಮಾರಾಟವಾಗಲಿಲ್ಲ. ಹೊದ್ದುಕೊಳ್ಳುವುದಕ್ಕೆ ಬೇರೆಯವರ ಹಳೆಯ ಬಟ್ಟೆ ಏಕೆ ಎಂದು ಜನ ಮುಟ್ಟಿ ನೋಡಿ ಮುಂದೆ ಹೋಗುತ್ತಿದ್ದರು. ಆದರೂ ಅವರು ಪ್ರತಿ ತಿಂಗಳೂ ಅದೇ ಮೂಲೆಯ ಮೇಜಿನಲ್ಲಿ ಕೂತು ಹೊಲಿಯುತ್ತಿದ್ದರು. ಮೂರನೆಯ ಸಂತೆಯಲ್ಲಿ ಒಬ್ಬರು ಅವರ ಎದುರು ಬಹಳ ಹೊತ್ತು ನಿಂತು, ಏನೂ ಕೇಳದೆ ಹೋದರು. ನಾಲ್ಕನೆಯ ಸಂತೆಗೂ ಬಂದು ನಿಂತು ಹೋದರು. ಐದನೆಯದಕ್ಕೆ ಬಂದಾಗ ಅವರ ಕೈಯಲ್ಲೊಂದು ಗಂಟಿತ್ತು. ತೀರಿಕೊಂಡ ತಾಯಿಯ ಏಳು ಸೀರೆ. ಯಾರಿಗಾದರೂ ಕೊಡಲು ಮನಸ್ಸು ಬಾರದೆ, ಉಡಲೂ ಆಗದೆ, ಎರಡು ವರ್ಷ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಂತೆ. ‘ನೀವು ಪ್ರತಿ ಸಲ ಇಲ್ಲೇ ಕೂತಿರುತ್ತೀರಿ ಅಂತ ಗೊತ್ತಾದ ಮೇಲೆ ತಂದೆ’ ಎಂದರು. ಅಕ್ಕ ಒಂದೊಂದು ಸೀರೆಯನ್ನೂ ಬಿಡಿಸಿ, ಜೀರ್ಣವಾದ ಕಡೆ ಬೆರಳಿಟ್ಟು ನೋಡಿ, ಯಾವುದು ಒಳಗೆ ಹೋಗಬೇಕು, ಯಾವುದು ಮೇಲೆ ಕಾಣಬೇಕು ಎಂದು ಅವರನ್ನೇ ಕೇಳಿ ಕೇಳಿ ಬೇರೆ ಬೇರೆ ಇಟ್ಟರು. ಎರಡು ಸಂತೆ ಕಳೆದು ಕೌದಿ ಮುಗಿಯಿತು. ಒಯ್ಯಲು ಬಂದವರು ಅದನ್ನು ಮೇಜಿನ ಮೇಲೆ ಪೂರ್ತಿ ಹರಡಿದರು. ನಡುವಿನ ಚೌಕದಲ್ಲಿ ಹಸಿರು ಇಳಕಲ್ ಸೀರೆಯ ಕೆಂಪು ಸೆರಗಿನ ಒಂದು ಗೇಣು ಇತ್ತು. ಅವರು ಅದರ ಮೇಲೆ ಅಂಗೈ ಇಟ್ಟುಕೊಂಡು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತರು. ಎರಡು ಗಂಟೆಗೆ ನಾವು ಮೇಜು ಎತ್ತಿ, ಅಂಗಳ ಗುಡಿಸಲು ಶುರುಮಾಡಿದಾಗಲೂ ಇಬ್ಬರೂ ಅಲ್ಲೇ ಕೂತು ಮಾತಾಡುತ್ತಿದ್ದರು. ಆ ಎರಡು ಕುರ್ಚಿಗಳನ್ನು ಬಿಟ್ಟು ಉಳಿದ ಕಡೆಯೆಲ್ಲ ಗುಡಿಸಿದೆವು.